ಓಟಗಾರರ ಬೆನ್ನಿಗೆ ನಿಂತ ದೊರಾಬ್ಜಿ ಟಾಟಾ

ಮಕ್ಕಳೇ, ಶಾಲೆಯ ಆಟೋಟಗಳಲ್ಲಿ ನೀವೂ ಓಡಿದ್ದೀರಲ್ಲವೇ? ನಿಮ್ಮಲ್ಲಿ ಕೆಲವರು ಬರಿಗಾಲಿನಲ್ಲೇ ಓಡಿರಬಹುದು. ಸುಮಾರು ನೂರು ವರ್ಷಗಳ ಹಿಂದೆ ಹೀಗೆ ಬರಿಗಾಲಿನಲ್ಲಿ ಓಡುತ್ತಿದ್ದ ಹಳ್ಳಿಯ ಯುವಕರನ್ನು ಒಬ್ಬ ದೊಡ್ಡ ಉದ್ಯಮಿ ಕಂಡರು. ಅವರೇ ಸರ್ ದೊರಾಬ್ಜಿ ಟಾಟಾ.

ದೊರಾಬ್ಜಿಯವರು 1859ರ ಆಗಸ್ಟ್ 27ರಂದು ಮುಂಬಯಿಯಲ್ಲಿ ಹುಟ್ಟಿದರು. ತಂದೆ ಜಮ್‌ಶೆಟ್‌ಜಿ ಟಾಟಾ. ದೊರಾಬ್ಜಿಯವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎರಡು ವರ್ಷ ಓದಿದರು. ಅಲ್ಲಿ ಪಾಠದ ಜೊತೆಗೆ ಕ್ರಿಕೆಟ್, ಫುಟ್‌ಬಾಲ್ ಆಡಿದರು. ಕುದುರೆ ಸವಾರಿಯೂ ಅವರಿಗೆ ಚೆನ್ನಾಗಿ ಬರುತ್ತಿತ್ತು. ಊರಿಗೆ ಮರಳಿದ ಮೇಲೆ ಮುಂಬಯಿಯ ಶಾಲೆಗಳಲ್ಲಿ ಆಟೋಟದ ಪಂದ್ಯಗಳು ನಡೆಯುವಂತೆ ಮಾಡಲು ಶ್ರಮಿಸಿದರು.

1898ರಲ್ಲಿ ಅವರು ಮೆಹರ್‌ಬಾಯಿಯವರನ್ನು ಮದುವೆಯಾದರು. ಆಕೆಯ ತಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. ಮೆಹರ್‌ಬಾಯಿ ಸೀರೆಯುಟ್ಟೇ ಟೆನಿಸ್ ಆಡುತ್ತಿದ್ದರು!

ಉಕ್ಕಿನ ಕಾರ್ಖಾನೆ ಕಟ್ಟಬೇಕೆಂಬುದು ಜಮ್‌ಶೆಟ್‌ಜಿಯವರ ಕನಸು. ಅದರ ಸುತ್ತ ಬೆಳೆಯುವ ಊರಿನಲ್ಲಿ ಫುಟ್‌ಬಾಲ್, ಹಾಕಿ ಆಡಲು ವಿಶಾಲವಾದ ಜಾಗ ಬಿಡಬೇಕೆಂದು ಅವರು 1902ರಲ್ಲೇ ಮಗನಿಗೆ ಪತ್ರ ಬರೆದಿದ್ದರು. 1904ರಲ್ಲಿ ತಂದೆ ತೀರಿಕೊಂಡರು. ಮಗ ಆ ಕನಸನ್ನು ನಿಜ ಮಾಡಿದರು. ಆ ಊರೇ ಈಗಿನ ಜಮ್‌ಶೆಡ್‌ಪುರ.

1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾ ಎಂಬ ಸಂಸ್ಥೆ ಓಟದ ಪಂದ್ಯಗಳನ್ನು ಏರ್ಪಡಿಸಿತು. ದೊರಾಬ್ಜಿಯವರು ಅದರ ಅಧ್ಯಕ್ಷರು. ಓಡಿದವರಲ್ಲಿ ಹೆಚ್ಚಿನವರು ರೈತರ ಮನೆಯವರು. ಕಾಲಿಗೆ ಬೂಟಿಲ್ಲ, ಕಲಿಸುವವರಿಲ್ಲ. ಆದರೂ ಅವರು ಓಡಿದ ವೇಗ ಯೂರೋಪಿನ ಓಟಗಾರರ ವೇಗಕ್ಕೆ ಹತ್ತಿರವಿತ್ತು. ದೊರಾಬ್ಜಿಯವರಿಗೆ ಆಶ್ಚರ್ಯವಾಯಿತು. ಇವರನ್ನು ಒಲಿಂಪಿಕ್ಸ್‌ಗೆ ಏಕೆ ಕಳಿಸಬಾರದು ಎಂಬ ಯೋಚನೆ ಬಂತು.

ಇದು ಸುಲಭದ ಕೆಲಸವಾಗಿರಲಿಲ್ಲ. ಆಗ ನಮ್ಮ ದೇಶದಲ್ಲಿ ಬ್ರಿಟಿಷರ ಆಳ್ವಿಕೆಯಿತ್ತು. ಒಲಿಂಪಿಕ್ಸ್‌ಗೆ ಭಾರತದ ತಂಡವೆಂಬುದೇ ಇರಲಿಲ್ಲ. ಅಲ್ಲಿಯ ನಿಯಮಗಳೂ ನಮ್ಮವರಿಗೆ ತಿಳಿದಿರಲಿಲ್ಲ. ನೂರು ಮೀಟರ್ ಓಡಲು ಎಷ್ಟು ಹೊತ್ತು ಹಿಡಿಯಬೇಕು ಎಂಬ ಪ್ರಶ್ನೆ ಬಂದಾಗ ಹಿರಿಯ ಸದಸ್ಯರೊಬ್ಬರು ಒಂದೆರಡು ನಿಮಿಷ ಎಂದುಬಿಟ್ಟರಂತೆ. ಅಲ್ಲಿ ಸೆಕೆಂಡಿನ ಚೂರೂ ಲೆಕ್ಕಕ್ಕೆ ಬರುತ್ತದೆಂದು ಕೇಳಿ ಬೆರಗಾದರಂತೆ! ನೀವೇ ಒಮ್ಮೆ ಗಡಿಯಾರ ಹಿಡಿದು ಓಡಿ ನೋಡಿ.

ಇನ್ನು ಹಣದ ಮಾತು. ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ಹಡಗಿನಲ್ಲಿ ಹೋಗಬೇಕು. ಬಡ ಓಟಗಾರರು ಅಷ್ಟು ಹಣ ಎಲ್ಲಿಂದ ತಂದಾರು? ದೊರಾಬ್ಜಿಯವರು ತಮ್ಮ ಸ್ವಂತ ಹಣ ಕೊಟ್ಟರು. ಮುಂಬಯಿಯ ಗವರ್ನರರನ್ನು ಕಂಡು ಸರ್ಕಾರದ ಸಹಾಯವನ್ನೂ ಕೇಳಿದರು. ಕೊನೆಗೆ 1920ರಲ್ಲಿ ನಾಲ್ವರು ಓಟಗಾರರೂ ಇಬ್ಬರು ಕುಸ್ತಿಪಟುಗಳೂ ಹೊರಟರು.

ಆ ಓಟಗಾರರಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಒಬ್ಬರು. ಅವರು ಮ್ಯಾರಥಾನ್ ಓಡಿದರು. ಆ ವರ್ಷದ ಮ್ಯಾರಥಾನ್ 42 ಕಿಲೋಮೀಟರ್ 750 ಮೀಟರ್ ಉದ್ದವಿತ್ತು. ನಾರಾಯಣಪೇಟೆಯಿಂದ ಮಕ್ತಲ್‌ಗೆ ಹೋಗುವ ದಾರಿಗಿಂತ ಅದು ಹೆಚ್ಚು! ಆ ದೂರವನ್ನು ಚೌಗುಲೆಯವರು ಸುಮಾರು 2 ಗಂಟೆ 50 ನಿಮಿಷಗಳಲ್ಲಿ ಓಡಿ ಮುಗಿಸಿ 19ನೆಯವರಾದರು. ಕುಸ್ತಿಯಲ್ಲಿ ರಣಧೀರ ಶಿಂದೆ ನಾಲ್ಕನೆಯ ಸ್ಥಾನ ಪಡೆದರು. ಯಾರಿಗೂ ಪದಕ ಬರಲಿಲ್ಲ.

ದೊರಾಬ್ಜಿಯವರು ಅಲ್ಲಿಗೇ ಬಿಡಲಿಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ಭಾರತದ ತಂಡ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಆರಂಭವಾದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು. ಮರುವರ್ಷ ಆಮ್ಸ್‌ಟರ್‌ಡ್ಯಾಂನಲ್ಲಿ ನಮ್ಮ ಹಾಕಿ ತಂಡ ಚಿನ್ನದ ಪದಕ ಗೆದ್ದಿತು.

1931ರಲ್ಲಿ ಮೆಹರ್‌ಬಾಯಿ ತೀರಿಕೊಂಡರು. ದೊರಾಬ್ಜಿಯವರಿಗೆ ಮಕ್ಕಳಿರಲಿಲ್ಲ. 1932ರಲ್ಲಿ ಅವರು ತಮ್ಮ ಆಸ್ತಿಯನ್ನೆಲ್ಲ ಒಂದು ಟ್ರಸ್ಟಿಗೆ ಒಪ್ಪಿಸಿದರು. ಜಾತಿ, ಮತ, ಊರು ನೋಡದೆ ಜನರಿಗೆ ಉಪಯೋಗವಾಗಲಿ ಎಂಬುದು ಅವರ ಆಸೆಯಾಗಿತ್ತು. ಹೆಂಡತಿಯ ಸಮಾಧಿಯನ್ನು ನೋಡಲು ಇಂಗ್ಲೆಂಡಿಗೆ ಹೊರಟವರು ಅದೇ ವರ್ಷ ಜೂನ್ 3ರಂದು ಜರ್ಮನಿಯಲ್ಲಿ ನಿಧನರಾದರು.

ಅವರ ಟ್ರಸ್ಟ್ ಇಂದಿಗೂ ಇದೆ. ಮುಂಬಯಿಯ ಟಾಟಾ ಕ್ಯಾನ್ಸರ್ ಆಸ್ಪತ್ರೆಯನ್ನು ಕಟ್ಟಿಸಿದ್ದು ಅದೇ. ಜಾರ್ಖಂಡಿನ ಹಳ್ಳಿಗಳ ಹುಡುಗ ಹುಡುಗಿಯರಿಗೆ ಹಾಕಿ ಕಲಿಸುವ ಕೆಲಸಕ್ಕೂ ಟಾಟಾ ಟ್ರಸ್ಟ್‌ಗಳು ನೆರವು ನೀಡಿವೆ.