ಪಂಡಿತಾ ರಮಾಬಾಯಿ: ಗಂಗಾಮೂಲದಿಂದ ಕೇಡಗಾಂವಕ್ಕೆ

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿ ಸಮಾಜದ ವಿರೋಧಕ್ಕೆ ಗುರಿಯಾದವರು. ಆ ತಾಯಿಯಿಂದಲೇ ಮಗಳಿಗೆ ವಿದ್ಯಾರಂಭವಾಯಿತು. ಊರೂರು ಅಲೆದು ಪುರಾಣ ಹೇಳಿ ಬದುಕುತ್ತಿದ್ದ ಕುಟುಂಬವನ್ನು ಕ್ಷಾಮ ನುಂಗಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣನೊಡನೆ ಕಲ್ಕತ್ತೆಗೆ ಹೋದ ಯುವತಿಯ ಪಾಂಡಿತ್ಯಕ್ಕೆ 1878ರಲ್ಲಿ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳು ಸಂದವು.

ಬಿಪಿನ್ ಬಿಹಾರಿ ಮೇಧಾವಿಯವರೊಡನೆ ನಡೆದ ಅಂತರ್ಜಾತೀಯ ವಿವಾಹ ಎರಡು ವರ್ಷ ತುಂಬುವ ಮೊದಲೇ ಪತಿಯ ಮರಣದಲ್ಲಿ ಕೊನೆಗೊಂಡಿತು. ಹಸುಗೂಸು ಮನೋರಮೆಯೊಡನೆ 1882ರಲ್ಲಿ ಪುಣೆಗೆ ಬಂದ ಅವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರುವರ್ಷ ಇಂಗ್ಲೆಂಡಿಗೆ ತೆರಳಿ ಅಲ್ಲಿ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದರು. ಬಳಿಕ ಅಮೆರಿಕದಲ್ಲಿ ಹಿಂದೂ ವಿಧವೆಯರ ಸ್ಥಿತಿಯನ್ನು ಕುರಿತು ಗ್ರಂಥ ಬರೆದು, ಉಪನ್ಯಾಸ ನೀಡಿ, ಹಣ ಕೂಡಿಸಿದರು.

ಆ ಹಣದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ತಲೆ ಬೋಳಿಸಿಕೊಂಡು ಮನೆಯ ಮೂಲೆ ಹಿಡಿದಿದ್ದ ಬಾಲವಿಧವೆಯರಿಗೆ ಅಲ್ಲಿ ಊಟ, ವಸತಿಯೊಂದಿಗೆ ಓದು ಬರಹವೂ ದೊರೆಯಿತು. ತಮ್ಮ ಕುಲಾಚಾರದಂತೆ ನಡೆಯಲು ಅವರಿಗೆ ಅವಕಾಶವಿತ್ತು. ಆದರೂ ಮತಾಂತರದ ಆಪಾದನೆ ಎದ್ದಾಗ 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಸಲಹಾಮಂಡಳಿಯ ಹಿರಿಯರು ಹೊರನಡೆದರು. ಅನೇಕ ಪಾಲಕರು ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಆಶ್ರಯವನ್ನು ಬೇಡಿ ಬಂದವಳ ಮನಸ್ಸಿನ ಮೇಲೆ ಆಶ್ರಯ ಕೊಟ್ಟವರ ಶ್ರದ್ಧೆ ಎಷ್ಟು ಪ್ರಭಾವ ಬೀರಬಹುದು ಎಂಬ ಪ್ರಶ್ನೆ ಅಂದು ಎದ್ದಿತು; ಅದನ್ನು ಅಸೂಯೆಯ ಮಾತೆಂದು ತಳ್ಳಿಹಾಕಲಾಗದು. ಆದರೆ ಹಿಂದಿರುಗಿದ ಹುಡುಗಿಯರಿಗೆ ಓದಿನ ಬೇರೆ ದಾರಿಗಳು ಬಹಳ ವಿರಳವಾಗಿದ್ದವೆಂಬುದೂ ಅಷ್ಟೇ ನಿಜ. ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿಯವರನ್ನು ಅದೇ ವರ್ಷ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. 1896ರಲ್ಲಿ ಕರ್ವೆಯವರು ವಿಧವೆಯರಿಗಾಗಿ ಬೇರೊಂದು ಆಶ್ರಮಕ್ಕೆ ಅಡಿಪಾಯ ಹಾಕಿದರು.

1896-97ರ ಕ್ಷಾಮದಲ್ಲಿ ರಮಾಬಾಯಿಯವರು ಮಧ್ಯಪ್ರಾಂತಕ್ಕೆ ಸ್ವತಃ ಹೋಗಿ ಹಸಿದ ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿಸದನ ಬೆಳೆಯಿತು. 1900ರ ಕ್ಷಾಮದ ತರುವಾಯ ಅಲ್ಲಿದ್ದವರ ಸಂಖ್ಯೆ ಸಾವಿರವನ್ನು ಮೀರಿತು. ಬಂದವರಿಗೆ ಮೊದಲು ಅನ್ನ, ಬಟ್ಟೆ, ಔಷಧ; ಆಮೇಲೆ ಅಕ್ಷರ; ಅದರ ಜೊತೆಗೆ ಕಸುಬು. ನೇಯ್ಗೆ, ಹೊಲಿಗೆ, ಬೇಸಾಯ, ಹೈನುಗಾರಿಕೆ, ಮುದ್ರಣ ಎಲ್ಲವನ್ನೂ ಹೆಂಗಸರೇ ಕಲಿತರು. ಅಚ್ಚಿನ ಮೊಳೆಗಳನ್ನು ಅವರೇ ಜೋಡಿಸಿದರು. ವಂಚನೆಗೊಳಗಾಗಿ ಸಮಾಜ ಹೊರದೂಡಿದವರಿಗೆ ಕೃಪಾಸದನವೆಂಬ ಪ್ರತ್ಯೇಕ ಮನೆಯಿತ್ತು. ಕುರುಡರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಮನೋರಮೆಯವರು ಕಲಿಸಿದರು. ತಾಯಿ ಮಗಳ ಸೇವೆ ಕಲಬುರಗಿಗೂ ಹಬ್ಬಿ, ಅಲ್ಲಿ ಹುಡುಗಿಯರಿಗೆ ಶಾಲೆ ತೆರೆಯಿತು.

1921ರಲ್ಲಿ ಮನೋರಮೆ ತೀರಿಕೊಂಡರು. ತಮ್ಮ ನಂತರ ಸಂಸ್ಥೆಯನ್ನು ನಡೆಸಬೇಕಾಗಿದ್ದ ಮಗಳನ್ನು ಕಳೆದುಕೊಂಡ ರಮಾಬಾಯಿಯವರು, ಬಹುಕಾಲದಿಂದ ಕೈಗೊಂಡಿದ್ದ ಬೈಬಲಿನ ಸರಳ ಮರಾಠಿ ಅನುವಾದವನ್ನು ಪೂರೈಸಿ, 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು. ಅವರು ಕಟ್ಟಿದ ಮುಕ್ತಿಸದನ ಕೇಡಗಾಂವದಲ್ಲಿ ಇಂದಿಗೂ ನಿರಾಶ್ರಿತ ಹೆಂಗಸರನ್ನೂ ಮಕ್ಕಳನ್ನೂ ಬರಮಾಡಿಕೊಳ್ಳುತ್ತಿದೆ.