ದೃಷ್ಟಿದಾತ ಡಾ. ಎಂ. ಸಿ. ಮೋದಿ

ಕಣ್ಣಿನ ವೈದ್ಯರು ರೋಗಿಯ ಮುಖದ ಮುಂದೆ ಕೈಯೆತ್ತಿ, ಬೆರಳು ಎಷ್ಟು ಎಂದು ಕೇಳುವುದುಂಟು. ನೋಡುವವರಿಗೆ ಇದು ಮಕ್ಕಳ ಆಟದಂತೆ ತೋರುತ್ತದೆ. ಎರಡು ಎಂದು ಒಬ್ಬ ಮುದುಕ ಊಹಿಸಿ ಹೇಳಿದರೆ, ನಾಲ್ಕು ಎಂದು ಪಕ್ಕದ ಅಜ್ಜಿ ಊಹಿಸುತ್ತಾಳೆ. ಸುತ್ತ ನಿಂತ ಹುಡುಗರು ನಗುತ್ತಾರೆ. ಒಮ್ಮೊಮ್ಮೆ ಉತ್ತರ ಹೇಳಬೇಕಾದವರೇ ತಮ್ಮ ತಪ್ಪಿಗೆ ನಕ್ಕುಬಿಡುತ್ತಾರೆ. ಆದರೆ ಎದುರಿಗೆ ಕೈಯಿರುವುದೇ ಕಾಣದವನಿಗೆ ಆ ಪ್ರಶ್ನೆ ಆಟವಲ್ಲ. ಉತ್ತರ ತಪ್ಪಿದವರನ್ನು ಮಲಗಿಸಿ, ಪೊರೆ ತೆಗೆದು, ಮತ್ತೆ ಅದೇ ಪ್ರಶ್ನೆಗೆ ಸರಿಯಾದ ಉತ್ತರ ಹೇಳಿಸುವುದನ್ನೇ ತಮ್ಮ ಬಾಳಿನ ಕೆಲಸವನ್ನಾಗಿ ಮಾಡಿಕೊಂಡವರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು.

ಮೋದಿಯವರು 1916ರಲ್ಲಿ ಬೀಳಗಿಯಲ್ಲಿ ಜನಿಸಿದರು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಈ ಊರು ಆಗ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿತ್ತು. ಕರಿಮಣ್ಣಿನ ಹೊಲ, ಜೋಳದ ಬೆಳೆ, ಉರಿಬಿಸಿಲು, ಬೇಸಗೆಯಲ್ಲಿ ಎದ್ದು ಬರುವ ಧೂಳು, ಇವು ಆ ಸೀಮೆಯ ಲಕ್ಷಣಗಳು. ಕಣ್ಣಿನ ಬೇನೆ ಅಲ್ಲಿಯ ಹಳ್ಳಿಗಳಿಗೆ ಹೊಸತಲ್ಲ. ವೈದ್ಯವಿದ್ಯೆಯನ್ನು ಕಲಿತು, ಅದರಲ್ಲಿಯೂ ನೇತ್ರಚಿಕಿತ್ಸೆಯನ್ನು ಆರಿಸಿಕೊಂಡ ತರುಣ ಮೋದಿಯವರ ಮುಂದೆ ಮುಂಬಯಿಯಂಥ ಮಹಾನಗರದಲ್ಲಿ ನೆಲೆಯೂರಿ ಹಣ, ಹೆಸರು ಎರಡನ್ನೂ ಗಳಿಸುವ ದಾರಿ ತೆರೆದಿತ್ತು. 1942ರ ಚಳವಳಿಯ ಕಾಲ ಅದು. ಗಾಂಧೀಜಿಯವರ ವಿಚಾರಗಳು ಅನೇಕ ತರುಣರ ಬದುಕಿನ ದಿಕ್ಕನ್ನೇ ಬದಲಿಸಿದಂತೆ ಮೋದಿಯವರ ದಿಕ್ಕನ್ನೂ ಬದಲಿಸಿದವು. ಕೆಲವರು ಸೆರೆಮನೆಗೆ ಹೋದರು, ಕೆಲವರು ಖಾದಿಯ ಕೆಲಸಕ್ಕೆ ಇಳಿದರು. ಮೋದಿಯವರು ತಮ್ಮ ಕೈಯಲ್ಲಿದ್ದ ವಿದ್ಯೆಯನ್ನೇ ಹಳ್ಳಿಗಳಿಗೆ ಒಯ್ದರು. 1943ರಿಂದ ಅವರ ಉಚಿತ ನೇತ್ರ ಚಿಕಿತ್ಸಾ ಶಿಬಿರಗಳು ಆರಂಭವಾದವು.

ರೋಗಿಯು ವೈದ್ಯನನ್ನು ಹುಡುಕಿಕೊಂಡು ಬರುವುದು ಲೋಕದ ರೂಢಿ. ಕುರುಡನ ವಿಷಯದಲ್ಲಿ ಈ ರೂಢಿ ನಡೆಯುವುದಿಲ್ಲ. ಪೊರೆ ಬಂದು ಕಣ್ಣು ಕಳೆದುಕೊಂಡ ಮುದುಕನೊಬ್ಬ ಪಟ್ಟಣದ ಆಸ್ಪತ್ರೆಗೆ ಹೋಗಬೇಕಾದರೆ ಕೈಹಿಡಿದು ನಡೆಸಲು ಮಗನೋ ಮೊಮ್ಮಗನೋ ಜೊತೆಗೆ ಬರಬೇಕು. ಹಾಗೆ ಬಂದವನ ಕೂಲಿ ಹೋಗುತ್ತದೆ, ಗಾಡಿಯ ಬಾಡಿಗೆ ತಗಲುತ್ತದೆ, ಪಟ್ಟಣದಲ್ಲಿ ಉಳಿಯಲು ನೆಲೆಯಿಲ್ಲ. ಸುಗ್ಗಿ ಮುಗಿಯಲಿ ಎಂದು ಒಂದು ವರ್ಷ, ಮದುವೆ ಮುಗಿಯಲಿ ಎಂದು ಇನ್ನೊಂದು ವರ್ಷ ಕಳೆಯುತ್ತದೆ. ಕೊನೆಗೆ ಮುದುಕನೇ ತನ್ನ ಹಣೆಬರಹವೆಂದು ಮೂಲೆ ಹಿಡಿಯುತ್ತಾನೆ. ಗುಣವಾಗಬಹುದಾದ ಕುರುಡಿಗೆ ಬಡತನವೂ ದೂರವೂ ಕಾವಲು ಕುಳಿತಿದ್ದವು. ಮೋದಿಯವರು ಇದನ್ನು ಕಂಡುಕೊಂಡು, ಉಪಕರಣಗಳನ್ನೂ ಔಷಧಗಳನ್ನೂ ಸಹಾಯಕರನ್ನೂ ವಾಹನದಲ್ಲಿ ಕೂಡಿಸಿಕೊಂಡು ಆಸ್ಪತ್ರೆಯನ್ನೇ ಹಳ್ಳಿಯ ಬಾಗಿಲಿಗೆ ತಂದರು.

ಈ ಸಂಚಾರಕ್ಕೆ ಅವರು ದಾವಣಗೆರೆಯನ್ನು ಕೇಂದ್ರವನ್ನಾಗಿ ಮಾಡಿಕೊಂಡರು. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ದಾವಣಗೆರೆ ಹತ್ತಿಯ ಗಿರಣಿಗಳ ಊರು, ದೊಡ್ಡ ವ್ಯಾಪಾರದ ಪೇಟೆ. ದಾನಿಗಳಿಗೂ ಅಲ್ಲಿ ಕೊರತೆಯಿರಲಿಲ್ಲ. ಅಲ್ಲಿಂದ ಮೂರು ನಾಲ್ಕು ಹರಿದಾರಿ ದೂರದಲ್ಲಿ ತುಂಗಭದ್ರೆಯ ದಡದ ಹರಿಹರ. 1956ಕ್ಕೆ ಮೊದಲು ಆ ಹೊಳೆಯೇ ಎರಡು ಆಡಳಿತಗಳ ಗಡಿಯಾಗಿತ್ತು. ಈಚೆ ದಡ ಮೈಸೂರು ಸೀಮೆ, ಆಚೆ ದಡ ಮುಂಬಯಿ ಸರಕಾರದ ಧಾರವಾಡ ಜಿಲ್ಲೆ. ಹೊಳೆಯ ಎರಡು ಕಡೆಯೂ ಮಾತು ಕನ್ನಡವೇ, ಕಣ್ಣಿನ ಪೊರೆಯೂ ಒಂದೇ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲುಮಾರ್ಗ ಈ ಎರಡೂ ಊರುಗಳನ್ನು ಹಾಯ್ದು ಹೋಗುವುದರಿಂದ ತೆಂಕಣ ಬಡಗಣ ಎರಡೂ ಸೀಮೆಗಳಿಗೆ ಹೊರಡಲು ಅದು ಅನುಕೂಲವಾದ ನೆಲೆ. ಹರನನ್ನೂ ಹರಿಯನ್ನೂ ಒಂದೇ ವಿಗ್ರಹದಲ್ಲಿ ಪೂಜಿಸುವ ಹರಿಹರದ ಸುತ್ತಿನ ಜನರಿಗೆ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಮಲಗುವ ಶಿಬಿರ ಅಷ್ಟೇನೂ ವಿಚಿತ್ರವಾಗಿ ತೋರಿರಲಾರದು.

ಒಂದು ಊರಿನಲ್ಲಿ ಕಣ್ಣಿನ ಶಿಬಿರ ಏರ್ಪಡುವುದೆಂದರೆ ಅದೊಂದು ಜಾತ್ರೆಯೇ. ಶಾಲೆಗೋ ಛತ್ರಕ್ಕೋ ಸುಣ್ಣ ಬಳಿಯಬೇಕು, ನೆಲ ತೊಳೆಯಬೇಕು, ನೀರು ಕಾಯಿಸಲು ಹಂಡೆ ಹೂಡಬೇಕು, ಬಂದವರಿಗೆ ಗಂಜಿಯ ವ್ಯವಸ್ಥೆಯಾಗಬೇಕು. ಡಂಗುರ ಸಾರಿದ ದಿನದಿಂದ ಕಟ್ಟೆಯ ಮೇಲೆ ಬೇರೆ ಮಾತೇ ಇಲ್ಲ. ನಮ್ಮ ಹಳ್ಳಿಯ ಕಟ್ಟೆಗಳಲ್ಲಿ ಮಾತು ಸಾಮಾನ್ಯವಾಗಿ ಒಗಟು, ಕುಚೋದ್ಯಗಳಿಂದ ಮೊದಲಾಗುತ್ತದೆ. ಎರಡಿದ್ದರೂ ಒಂದನ್ನೊಂದು ನೋಡದವು ಯಾವುವು ಎಂದು ಒಬ್ಬ ಕೇಳಬೇಕು, ಗಂಡಹೆಂಡಿರು ಎಂದು ಇನ್ನೊಬ್ಬ ಚೇಷ್ಟೆಗೆ ಹೇಳಬೇಕು, ಕಣ್ಣು ಎಂದು ಮೂರನೆಯವನು ಸರಿಪಡಿಸಬೇಕು. ಹೀಗೆ ನಗುತ್ತಾ ಸಾಗಿದ ಮಾತು ಯಾವ ಗಳಿಗೆಯಲ್ಲಿ ಶಸ್ತ್ರದ ಕಡೆಗೆ ಹೊರಳಿತೆಂಬುದು ಆಡುವವರಿಗೇ ತಿಳಿಯುವುದಿಲ್ಲ. ಡಾಕ್ಟರು ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು, ಕೆನ್ನೆಯ ಮೇಲಿಟ್ಟು, ತೊಳೆದು, ಮರಳಿ ಕೂಡಿಸುತ್ತಾರಂತೆ, ಹೌದೆ? ಹಾಗೆ ಇಟ್ಟಾಗ ಕಾಗೆ ಬಂದರೆ ಗತಿಯೇನು? ಮೇಕೆಯ ಕಣ್ಣನ್ನು ಮನುಷ್ಯನಿಗೆ ಇಡಬಹುದೆ? ಇಟ್ಟರೆ ಅವನಿಗೆ ಸೊಪ್ಪೇ ಎದ್ದು ಕಾಣುವುದೋ? ಕಣ್ಣು ಕೊಯ್ಯುವಾಗ ಕಣ್ಣು ಮುಚ್ಚಿಕೊಳ್ಳುವುದು ಹೇಗೆ? ಇಂಥ ಪ್ರಶ್ನೆಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ನಗೆಯ ಮರೆಯಲ್ಲಿ ಅಡಗಿದ್ದುದು ಭಯ. ಆ ಭಯವನ್ನು ನೇರವಾಗಿ ಹೇಳಿಕೊಳ್ಳಲಾರದೆ ಜನರು ಅದನ್ನು ತಮಾಷೆಯಾಗಿ ಕೇಳುತ್ತಿದ್ದರು. ಕೊನೆಯ ಪ್ರಶ್ನೆಯಂತೂ ನೇತ್ರವೈದ್ಯರು ನಿಜವಾಗಿಯೂ ಬಗೆಹರಿಸಬೇಕಾಗಿದ್ದ ಪ್ರಶ್ನೆಯೇ ಆಗಿತ್ತು.

ಆ ಪ್ರಶ್ನೆಗಳಿಗೆ ಉತ್ತರವನ್ನು ಇಲ್ಲಿಯೇ ತಿಳಿಯಬಹುದು. ಕಣ್ಣುಗುಡ್ಡೆಯನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಕಣ್ಣಿನ ಪಾಪೆಯ ಹಿಂದೆ ಅವರೆಕಾಳಿಗಿಂತ ದೊಡ್ಡದಲ್ಲದ ಒಂದು ಮಸೂರವಿದೆ. ಹುಟ್ಟಿದಾಗ ಅದು ತಿಳಿನೀರಿನಂತೆ ಸ್ವಚ್ಛವಾಗಿರುತ್ತದೆ. ವಯಸ್ಸಾದಂತೆ, ಮೊಟ್ಟೆಯ ಬಿಳಿಯ ಭಾಗ ಬೆಂದಾಗ ಬೆಳ್ಳಗಾಗುವಂತೆ, ಅದರಲ್ಲಿಯ ಸಸಾರಜನಕ ದ್ರವ್ಯ ಮಬ್ಬಾಗುತ್ತದೆ. ಬೆಳಕು ಒಳಗೆ ಹೋಗುವುದಿಲ್ಲ. ಇದೇ ಪೊರೆ. ಉತ್ತರ ಕರ್ನಾಟಕದವರು ಇದನ್ನು ಮೋತಿಬಿಂದು ಎನ್ನುತ್ತಾರೆ. ಪೊರೆಯ ಚಿಕಿತ್ಸೆ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯಲ್ಲಿಯೇ ಅದರ ವಿವರಣೆಯಿದೆ. ಸಲಾಕೆಯಿಂದ ಕಣ್ಣನ್ನು ಚುಚ್ಚಿ ಮಬ್ಬಾದ ಮಸೂರವನ್ನು ದೃಷ್ಟಿಯ ದಾರಿಯಿಂದ ಪಕ್ಕಕ್ಕೆ ತಳ್ಳುವ ಆ ವಿಧಾನ ಊರೂರು ಅಲೆಯುವ ನಾಟಿವೈದ್ಯರ ಕೈಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದಿತ್ತು. ಮೊದಲ ದಿನ ಕಣ್ಣು ಕಂಡಿತೆಂದು ಕಾಣಿಕೆ ಕೊಟ್ಟವರಲ್ಲಿ ಹಲವರು ಕೆಲವು ದಿನಗಳಲ್ಲಿಯೇ ಕೀವು, ನೋವುಗಳಿಂದ ಕಣ್ಣನ್ನೇ ಕಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ವೈದ್ಯ ಮುಂದಿನ ಊರು ಸೇರಿರುತ್ತಿದ್ದ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಜಾಕ್ ದಾವಿಯೆಲ್ ಎಂಬ ವೈದ್ಯ ಮಸೂರವನ್ನು ತಳ್ಳುವ ಬದಲು ಹೊರಕ್ಕೇ ತೆಗೆಯುವ ಕ್ರಮವನ್ನು ಬಳಕೆಗೆ ತಂದ. 1884ರಲ್ಲಿ ಕಾರ್ಲ್ ಕೊಲ್ಲರ್ ಎಂಬಾತ ಕಣ್ಣಿಗೆ ಹನಿ ಹಾಕಿ ಅರಿವಳಿಕೆ ಉಂಟುಮಾಡುವುದನ್ನು ತೋರಿಸಿಕೊಟ್ಟ. ಮುಂದೆ ರೆಪ್ಪೆಯ ಸ್ನಾಯುಗಳನ್ನು ಸೂಜಿಮದ್ದಿನಿಂದ ಸಡಿಲಿಸುವುದೂ ಬಂದಿತು. ಕಟ್ಟೆಯ ಮೇಲಿನವರ ಕೊನೆಯ ಪ್ರಶ್ನೆ ಬಗೆಹರಿದುದು ಹೀಗೆ. ರೋಗಿ ಎಚ್ಚರವಾಗಿದ್ದು ಮಾತು ಕೇಳಿಸಿಕೊಳ್ಳುತ್ತಿದ್ದರೂ ರೆಪ್ಪೆ ಅಲುಗದು, ನೋವು ತಿಳಿಯದು.

ಮೋದಿಯವರ ವಿಶೇಷವಿದ್ದುದು ಹೊಸ ಶಸ್ತ್ರಕ್ರಿಯೆಯನ್ನು ಕಂಡುಹಿಡಿದುದರಲ್ಲಿ ಅಲ್ಲ, ತಿಳಿದ ಶಸ್ತ್ರಕ್ರಿಯೆಯನ್ನು ಸಾವಿರಾರು ಜನರಿಗೆ ಮುಟ್ಟಿಸುವ ವ್ಯವಸ್ಥೆಯಲ್ಲಿ. ಶಸ್ತ್ರವೈದ್ಯನ ಸಮಯದ ಬಹುಪಾಲು ಕೊಯ್ಯುವುದರಲ್ಲಿ ಕಳೆಯುವುದಿಲ್ಲ. ರೋಗಿಯನ್ನು ತರುವುದು, ಮಲಗಿಸುವುದು, ತೊಳೆಯುವುದು, ಮದ್ದು ಹಿಡಿಯಲು ಕಾಯುವುದು, ಪಟ್ಟಿ ಕಟ್ಟುವುದು ಇವುಗಳಲ್ಲಿ ಕಳೆಯುತ್ತದೆ. ಈ ಕೆಲಸಗಳನ್ನೆಲ್ಲ ಪಳಗಿದ ಸಹಾಯಕರು ಹಂಚಿಕೊಂಡರೆ ವೈದ್ಯನು ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತಾ ತನ್ನಿಂದಲೇ ಆಗಬೇಕಾದ ಕೆಲಸವನ್ನು ಮಾತ್ರ ಮಾಡಬಹುದು. ಸಾಲಾಗಿ ಮಲಗಿದ ರೋಗಿಗಳ ನಡುವೆ ಮೋದಿಯವರು ಹೀಗೆಯೇ ಕೆಲಸ ಮಾಡಿದರು. ಕಪ್ಪುಗುಡ್ಡೆಯ ಅಂಚಿನಲ್ಲಿ ಅರ್ಧಚಂದ್ರಾಕಾರದ ಒಂದು ಸೀಳು, ಅದರಿಂದ ಮಬ್ಬಾದ ಮಸೂರ ಹೊರಕ್ಕೆ, ಅಷ್ಟರಲ್ಲಿ ಪಕ್ಕದ ಮೇಜಿನ ರೋಗಿ ಸಿದ್ಧ. ಒಂದೇ ದಿನದಲ್ಲಿ ಅವರು 833 ಪೊರೆಗಳನ್ನು ತೆಗೆದುದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ಹಗಲಿರುಳು ಇಪ್ಪತ್ತನಾಲ್ಕು ಗಂಟೆಯೂ ನಿಲ್ಲದೆ ನಡೆಸಿದರೂ ಒಬ್ಬರಿಗೆ ಎರಡು ನಿಮಿಷ ದೊರೆಯದ ವೇಗ ಅದು. ಅದೇ ದಾಖಲೆಯ ಪ್ರಕಾರ 1993ರ ಫೆಬ್ರವರಿಯವರೆಗೆ ಅವರು ಸಂದರ್ಶಿಸಿದ ಹಳ್ಳಿಗಳು 46,120, ಪರೀಕ್ಷಿಸಿದ ರೋಗಿಗಳು 1,21,18,630, ನಡೆಸಿದ ಶಸ್ತ್ರಕ್ರಿಯೆಗಳು 6,10,564. ಐವತ್ತು ವರ್ಷಗಳಲ್ಲಿ ಒಂದು ದಿನವೂ ಬಿಡುವಿಲ್ಲದೆ ಲೆಕ್ಕ ಹಾಕಿದರೆ ದಿನಕ್ಕೆ ಮೂವತ್ಮೂರು ಶಸ್ತ್ರಕ್ರಿಯೆಗಳಾಗುತ್ತವೆ.

ಇಷ್ಟು ವೇಗ ಸರಿಯೆ ಎಂಬ ಸಂದೇಹ ಏಳುವುದು ಸಹಜ. ಶಾಲೆಯ ಕೊಠಡಿ ಎಷ್ಟು ತೊಳೆದರೂ ಆಸ್ಪತ್ರೆಯ ಶಸ್ತ್ರಾಗಾರವಾಗದು. ಒಂದು ಉಪಕರಣದಲ್ಲಿ ಉಳಿದ ಸೋಂಕು ಒಂದಲ್ಲ, ಹತ್ತು ಕಣ್ಣುಗಳನ್ನು ಕೆಡಿಸಬಹುದು. ಶಿಬಿರ ಮುಗಿದು ವಾಹನ ಹೊರಟ ಮೇಲೆ ಹಳ್ಳಿಯವನ ಕಣ್ಣು ಕೆಂಪಾದರೆ ತೋರಿಸುವುದು ಯಾರಿಗೆ? ಈ ಆಕ್ಷೇಪಗಳಲ್ಲಿ ಹುರುಳಿದೆ. ಇಂದು ಸರಕಾರದ ನಿಯಮಗಳು ಶಿಬಿರದಲ್ಲಿ ತಪಾಸಣೆಯನ್ನು ಮಾತ್ರ ಮಾಡಿ, ಶಸ್ತ್ರಕ್ರಿಯೆಗೆ ರೋಗಿಯನ್ನು ಆಸ್ಪತ್ರೆಗೇ ಕರೆದೊಯ್ಯಬೇಕೆಂದು ಹೇಳುತ್ತವೆ. ಅದು ಸರಿಯಾದ ಕ್ರಮವೇ. ಆದರೆ 1943ರಲ್ಲಿ ಹಳ್ಳಿಯವನ ಮುಂದಿದ್ದ ಆಯ್ಕೆ ಶಿಬಿರವೋ ಆಸ್ಪತ್ರೆಯೋ ಎಂಬುದಾಗಿರಲಿಲ್ಲ. ಶಿಬಿರ, ಇಲ್ಲವೆ ಸಾಯುವವರೆಗೆ ಕತ್ತಲೆ. ಅಂಧತ್ವ ನಿವಾರಣೆಗೆಂದು ಭಾರತ ಸರಕಾರ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡುದು 1976ರಲ್ಲಿ. ಅದಕ್ಕೆ ಮೂವತ್ತಮೂರು ವರ್ಷ ಮೊದಲೇ ಮೋದಿಯವರು ಹೊರಟಿದ್ದರು. ಅವರನ್ನು ತೂಗುವಾಗ ಈ ಮೂವತ್ತಮೂರು ವರ್ಷಗಳನ್ನೂ ತಕ್ಕಡಿಯಲ್ಲಿ ಇಡಬೇಕಾಗುತ್ತದೆ.

ಶಸ್ತ್ರಕ್ಕಿಂತ ಕಠಿನವಾಗಿದ್ದುದು ಅದರ ಮುಂದಿನ ದಿನಗಳು. ಅಂದಿನ ಪದ್ಧತಿಯಲ್ಲಿ ಸೀಳು ಮಾಯುವವರೆಗೆ ರೋಗಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಲುಗಾಡದೆ ಮಲಗಬೇಕಾಗಿತ್ತು. ಕೆಮ್ಮಬಾರದು, ಬಗ್ಗಬಾರದು, ರೊಟ್ಟಿಯಂಥ ಗಟ್ಟಿ ಪದಾರ್ಥವನ್ನು ಅಗಿಯಬಾರದು. ಜೀವಮಾನವಿಡೀ ಹೊಲದಲ್ಲಿ ದುಡಿದ ಮೈಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಊರಿನ ತರುಣರೂ ಹೆಂಗಸರೂ ಸರದಿಯ ಮೇಲೆ ನಿಂತು ಗಂಜಿ ಕುಡಿಸಿ, ಕೈಹಿಡಿದು ನಡೆಸಿ ಈ ದಿನಗಳನ್ನು ಕಳೆಯಿಸುತ್ತಿದ್ದರು. ಮಸೂರವನ್ನು ತೆಗೆದ ಕಣ್ಣಿಗೆ ಅದರ ಬದಲು ದಪ್ಪನೆಯ ಗಾಜಿನ ಕನ್ನಡಕ ಬೇಕು. ಅದನ್ನು ಹಾಕಿದೊಡನೆ ಎಲ್ಲವೂ ಇದ್ದುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಚೊಂಬಿಗೆ ಕೈ ಚಾಚಿದರೆ ಕೈ ಅದಕ್ಕೆ ಮುಂಚೆಯೇ ನಿಲ್ಲುತ್ತದೆ, ಮೆಟ್ಟಿಲು ಇಳಿಯಲು ಅಂಜಿಕೆಯಾಗುತ್ತದೆ. ಹಾಗಿದ್ದರೂ ವರ್ಷಗಟ್ಟಲೆ ದನಿಯಿಂದಷ್ಟೇ ಗುರುತಿಸುತ್ತಿದ್ದ ಮೊಮ್ಮಗನ ಮುಖವನ್ನು ಮೊದಲ ಬಾರಿಗೆ ಕಂಡವರು ಆ ಕನ್ನಡಕವನ್ನು ರಾತ್ರಿಯೂ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದುದು ಆಶ್ಚರ್ಯವಲ್ಲ.

ಭಾರತ ಸರಕಾರ ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ನೀಡಿ ಗೌರವಿಸಿತು. ಮುಂದೆ ಅವರು ಬೆಂಗಳೂರಿನಲ್ಲಿ ಕಣ್ಣಿನ ಆಸ್ಪತ್ರೆಯೊಂದನ್ನು ಸ್ಥಾಪಿಸಿದರು. ಅಷ್ಟರಲ್ಲಿ ನೇತ್ರಚಿಕಿತ್ಸೆಯೂ ಬದಲಾಗುತ್ತಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯ ಪೊರೆ ತೆಗೆದ ಕಣ್ಣಿನೊಳಗೆ ಕೃತಕ ಮಸೂರವನ್ನು ಮೊದಲ ಬಾರಿಗೆ ಇಟ್ಟಿದ್ದ. ಯುದ್ಧದಲ್ಲಿ ವಿಮಾನ ಚಾಲಕರ ಕಣ್ಣಿಗೆ ಸಿಡಿದ ಅಕ್ರಿಲಿಕ್ ಚೂರುಗಳು ಕಣ್ಣನ್ನು ಕೆಡಿಸದೆ ಉಳಿದುದನ್ನು ಕಂಡು ಅವನಿಗೆ ಹೊಳೆದ ಉಪಾಯವದು. ಹಲವು ದಶಕಗಳ ನಂತರ ಅದು ನಮ್ಮ ಜಿಲ್ಲಾ ಆಸ್ಪತ್ರೆಗಳಿಗೂ ಬಂದು, ದಪ್ಪ ಗಾಜಿನ ಕನ್ನಡಕ ಮರೆಯಾಯಿತು. ಈಗ ಪೊರೆ ತೆಗೆಸಿಕೊಂಡವರು ಸಾಮಾನ್ಯವಾಗಿ ಅಂದೇ ಮನೆಗೆ ನಡೆದು ಹೋಗುತ್ತಾರೆ.

ಡಾ. ಮೋದಿಯವರು 2005ರಲ್ಲಿ ತೀರಿಕೊಂಡರು. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮೋದಿ ಆಸ್ಪತ್ರೆ ಎಂಬುದು ಒಂದು ರಸ್ತೆಯ ಗುರುತಾಗಿ, ಬಸ್ಸಿನವರ ಬಾಯಲ್ಲಿ ನಿಲ್ದಾಣದ ಹೆಸರಾಗಿ ಉಳಿದಿದೆ. ಅಲ್ಲಿ ದಿನವೂ ಇಳಿಯುವವರಲ್ಲಿ ಹಿರಿಯರಾದ ಕೆಲವರಿಗೆ ಮಾತ್ರ, ತಮ್ಮ ಊರಿನ ಶಾಲೆಯಲ್ಲಿ ಸಾಲಾಗಿ ಹಾಸಿದ ಚಾಪೆಗಳೂ ಪಟ್ಟಿ ಕಟ್ಟಿದ ಮುಖಗಳೂ ನೆನಪಿಗೆ ಬರುತ್ತವೆ.