ಡಾ. ಎಚ್. ನರಸಿಂಹಯ್ಯ

ಅಧಿಕಾರವು ಮನುಷ್ಯನ ಸ್ವಭಾವವನ್ನು ಮಾರ್ಪಡಿಸುವುದುಂಟು. ಆದರೆ ದೃಢಚಿತ್ತರಾದ ಕೆಲವರ ವಿಷಯದಲ್ಲಿ ಅವರ ಸ್ವಭಾವವೇ ಅಧಿಕಾರದ ರೀತಿಯನ್ನು ರೂಪಿಸುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಅಂಥವರಲ್ಲಿ ಒಬ್ಬರು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂತೆ ಗೌರಿಬಿದನೂರು ತಾಲ್ಲೂಕೂ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದೆ, ಮಳೆಯನ್ನೂ ಕೆರೆಯನ್ನೂ ನಂಬಿದ ಈ ಸೀಮೆಯ ಜನರಿಗೆ ದುಡಿಮೆಯೇ ಆಸ್ತಿ. ಆ ತಾಲ್ಲೂಕಿನ ಹೊಸೂರಿನ ಬಡ ಕುಟುಂಬವೊಂದರಲ್ಲಿ ನರಸಿಂಹಯ್ಯನವರು 1920ರ ಜೂನ್ 6ರಂದು ಜನಿಸಿದರು. ಊರಿನಲ್ಲಿ ಮುಂದಿನ ಓದಿಗೆ ಅವಕಾಶವಿರಲಿಲ್ಲ. ಗುರುಗಳೊಬ್ಬರ ಕರೆಯಂತೆ ಬೆಂಗಳೂರಿಗೆ ಹೋಗಬೇಕೆಂದರೆ ಬಸ್ಸಿಗೆ ಹಣವಿರಲಿಲ್ಲ. 1935ರಲ್ಲಿ ಆ ಬಾಲಕ ಎರಡು ದಿನ ನಡೆದೇ ನಗರವನ್ನು ಸೇರಿ ನ್ಯಾಷನಲ್ ಹೈಸ್ಕೂಲಿಗೆ ಪ್ರವೇಶ ಪಡೆದನು.

ಗಾಂಧೀಜಿಯವರ ಪ್ರಭಾವಕ್ಕೊಳಗಾದ ಅವರು ಖಾದಿಯನ್ನು ತೊಟ್ಟರು. 1942ರ ಚಳವಳಿಯಲ್ಲಿ ಓದನ್ನು ತೊರೆದು ಸೆರೆಮನೆ ಸೇರಿದರು. ಬಳಿಕ ವ್ಯಾಸಂಗವನ್ನು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ವಿಜ್ಞಾನವನ್ನು ಅಭ್ಯಸಿಸಿ 1960ರಲ್ಲಿ ಡಾಕ್ಟರೇಟ್ ಪಡೆದು ಮರಳಿದಾಗಲೂ ಅವರ ಉಡುಪು ಬದಲಾಗಲಿಲ್ಲ. ಅದೇ ಖಾದಿ, ಅದೇ ಟೋಪಿ. ಅವಿವಾಹಿತರಾಗಿಯೇ ಉಳಿದ ಅವರು ಬಾಳಿನ ಬಹುಭಾಗವನ್ನು ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಕಳೆದರು. ಪ್ರಾಂಶುಪಾಲರಾಗಿದ್ದಾಗ, 1962ರಲ್ಲಿ, ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿ ಜನಸಾಮಾನ್ಯರಿಗೂ ವಿಜ್ಞಾನದ ಉಪನ್ಯಾಸಗಳು ದೊರೆಯುವಂತೆ ಮಾಡಿದರು.

ಕುಲಪತಿ ಪದವಿ ಅವರ ಸ್ವಭಾವಕ್ಕೆ ಒರೆಗಲ್ಲಾಯಿತು. ಸರಳವಾಗಿ ಬಾಳುವವನಿಗೆ ಕಳೆದುಕೊಳ್ಳುವ ಭಯ ಕಡಿಮೆ. ಆದ್ದರಿಂದಲೇ ಅವನು ನಿರ್ಭಯವಾಗಿ ಪ್ರಶ್ನಿಸಬಲ್ಲನು. 1976ರಲ್ಲಿ ಅವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಅಪಾರ ಭಕ್ತವರ್ಗವಿದ್ದ ಪವಾಡಪುರುಷರೊಬ್ಬರಿಗೆ, ತಮ್ಮ ಶಕ್ತಿಯನ್ನು ಪರೀಕ್ಷೆಗೆ ಒಡ್ಡುವಂತೆ ವಿನಯದಿಂದಲೇ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ, ಟೀಕೆಗಳು ಬಂದವು. ಇದು ವಿಶ್ವವಿದ್ಯಾಲಯದ ಕೆಲಸವೇ ಎಂದು ಕೆಲವರು ಆಕ್ಷೇಪಿಸಿದರು. ಪ್ರಶ್ನಿಸುವುದನ್ನು ಕಲಿಸದ ವಿದ್ಯಾಲಯ ಅಪೂರ್ಣವೆಂಬುದು ನರಸಿಂಹಯ್ಯನವರ ನಿಲುವು. ಅವರು ಯಾರನ್ನೂ ನಿಂದಿಸಲಿಲ್ಲ, ತಮ್ಮ ನಂಬಿಕೆಯನ್ನು ಯಾರ ಮೇಲೂ ಹೇರಲಿಲ್ಲ. ಪುರಾವೆಯನ್ನು ಮಾತ್ರ ಕೇಳಿದರು. ಅವರ ದೃಢತೆ ಕೆಲವರ ಕಣ್ಣಿಗೆ ಹಟವಾಗಿ ಕಂಡಿತು. ಆದರೆ ಆ ಹಟದಲ್ಲಿ ಸ್ವಾರ್ಥದ ಸೋಂಕಿರಲಿಲ್ಲ.

ಹುಟ್ಟಿದ ಸೀಮೆಯನ್ನು ಅವರು ಮರೆಯಲಿಲ್ಲ. ತಮ್ಮಂತೆ ಬಡಮಕ್ಕಳು ಓದಿಗಾಗಿ ದೂರ ನಡೆಯಬಾರದೆಂದು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜುಗಳು ಬೆಳೆಯಲು ಶ್ರಮಿಸಿದರು. 1984ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರನ್ನು ಅರಸಿ ಬಂದಿತು. 2005ರ ಜನವರಿ 31ರಂದು ಅವರು ನಿಧನರಾದರು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಇಂದು ಕೋಲಾರವೇ ಕೇಂದ್ರ. ಓದಿಗಾಗಿ ಎರಡು ದಿನ ನಡೆದ ಬಾಲಕನ ಜಿಲ್ಲೆಗೆ ವಿಶ್ವವಿದ್ಯಾಲಯವೇ ನಡೆದು ಬಂದಿದೆ. ಅಲ್ಲಿ ಓದುವವರೂ ಅದನ್ನು ನಡೆಸುವವರೂ ಅವರ ಸರಳತೆಯನ್ನೂ ಪ್ರಶ್ನಿಸುವ ಧೈರ್ಯವನ್ನೂ ಮೈಗೂಡಿಸಿಕೊಂಡರೆ, ಅದೇ ಆ ಹಿರಿಯ ಚೇತನಕ್ಕೆ ಸಲ್ಲುವ ನಿಜವಾದ ಗೌರವ.